ಕಂಬದ ಮನೆಯ ಕೌದಿ

ಒಂದೂರಿನ ರಾಜ ಎಂಥ ದಪ್ಪ ಕಂಬಗಳನ್ನು ಕಟ್ಟಿಸಿದ್ದನೆಂದರೆ, ಒಂದೊಂದರ ಹೊಟ್ಟೆಯಲ್ಲಿ ಹತ್ತು ಸಂಸಾರ ಒಲೆ ಹಚ್ಚುತ್ತಿದ್ದವಂತೆ. ಅಜ್ಜಿ ಸರಸ್ವತೀಬಾಯಿ ಹೇಳುತ್ತಿದ್ದ ಈ ಕಥೆ ಬರೀ ಕಥೆಯೆಂದೇ ಸ್ನೇಹಲ ತಿಳಿದಿದ್ದಳು, ತೊರವಿಯಾಚೆ ಎದ್ದ ಹೊಸ ವಸತಿ ಕಟ್ಟಡ ನೋಡುವ ತನಕ. ಏಳಂತಸ್ತಿನ ಗುಲಾಬಿ ಕಂಬಗಳು, ಆನೆಸಾಲು ನುಗ್ಗುವಂಥ ಕಮಾನು, ನೆತ್ತಿಯಲ್ಲಿ ಯಾವ ಕಾಲಕ್ಕೂ ಸೇರದ ಅರ್ಧ ಗುಮ್ಮಟ. ಕಂಬಗಳ ಮೈತುಂಬ ಒಂದೇ ಅಳತೆಯ ಕಿಟಕಿಗಳು, ಒಳಗೆ ಜನ.

ಚಿತ್ರ ತೆಗೆಯಲು ಸ್ನೇಹಲ ಕ್ಯಾಮೆರಾ ಹೂಡಿದ ಬೆಳಿಗ್ಗೆ, ಐದನೇ ಅಂತಸ್ತಿನ ಕಿಟಕಿಯಲ್ಲೊಂದು ಕೌದಿ, ಹಳೆ ಸೀರೆ ತುಂಡುಗಳ ಹೊದಿಕೆ, ಜೋಲುತ್ತಿತ್ತು.

"ಆಯೀ, ಒಗದ ಅರಿವಿ ಒಳಗ ತಗೋರಿ! ಫೋಟೋ ಕೆಡತೈತಿ," ಎಂದು ಕೆಳಗಿನಿಂದ ಕೂಗಿದಳು.

ಆ ಮನೆಯ ಮುದುಕಿ ದುಂಡವ್ವ ಕಿಟಕಿಯಲ್ಲಿ ಇಣುಕಿದಳು. "ತಿಕೋಟಾದಾಗ ನಮ್ಮಕ್ಕ ಹಾಸಿಗಿ ಹಿಡದಾಳ ಯವ್ವಾ. ನನ್ನ ಮನಿ ನೋಡಬೇಕಂತಾಳ. ಆಕಿಗೊಂದ ಫೋಟೋ ಕೊಡ್ತಿ?"

"ಕೊಡ್ತೀನ್ರಿ, ಖರೇನ."

ಕೌದಿ ಒಳಗೆ ಹೋಯಿತು.

ಚಿತ್ರ ಪತ್ರಿಕೆಯೊಂದರ ಮುಖಪುಟಕ್ಕೆ ಬಂತು. ಕೊಟ್ಟ ಮಾತು ಮರೆತೇಹೋಯಿತು. ಮೂರು ತಿಂಗಳಾದ ಮೇಲೆ ಗಾಂಧಿ ಚೌಕದಲ್ಲಿ ದುಂಡವ್ವ ಎದುರಾದಾಗ, ಸ್ನೇಹಲ ಚೀಲದಿಂದ ಆ ಪತ್ರಿಕೆ ತೆಗೆದು ಕೊಟ್ಟಳು, ಸ್ವಲ್ಪ ಜಂಬದಿಂದಲೇ.

ಮುದುಕಿ ಬೆರಳಿಟ್ಟು ಕಿಟಕಿ ಎಣಿಸಿದಳು. ತಪ್ಪಿತು. ಮತ್ತೆ ಎಣಿಸಿದಳು.

"ಇದರಾಗ ನನ್ನ ಮನಿ ಯಾವದವ್ವಾ?"

ಸ್ನೇಹಲಳಿಗೂ ತಿಳಿಯಲಿಲ್ಲ.

"ಅದಕ್ಕಂತನ ಕೌದಿ ಹಾಕಿದ್ನಲ್ಲ. ನಾನೂ ಅಕ್ಕಾನೂ ಕೂಡಿ ಹೊಲದದ್ದು. ನೋಡಿದ ಕೂಡಲೇ ಆಕಿಗೆ ಗುರ್ತ ಸಿಗಲಿ ಅಂತ. ನೀ ನೋಡಿದ್ರ ಒಗದ ಅರಿವಿ ಅಂದಿ!" ದುಂಡವ್ವ ನಕ್ಕಳು. "ಹೋಗ್ಲಿ ಬಿಡು. ಕಮಾನು ಚಂದ ಬಂದೈತಿ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಸಮಾಧಾನದ ಮಾತಿಗೆ ಸ್ನೇಹಲಳ ಕಿವಿಯ ತುದಿಯವರೆಗೂ ಬಿಸಿಯೇರಿತು. ಯಾವ ಕಂಬದಲ್ಲಿ ಯಾರಿದ್ದರು, ಯಾರ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದೇ ಅಜ್ಜಿ ಅರ್ಧ ಕಥೆ ಹೇಳುತ್ತಿದ್ದಳು. ಮೊಮ್ಮಗಳ ನೆನಪಿನಲ್ಲಿ ಉಳಿದದ್ದು ಕಂಬ ಮಾತ್ರ.

"ನಾಳೆ ಮುಂಜಾನೆ ಕೌದಿ ಹಾಕ್ರಿ, ಆಯೀ," ಎಂದಳು, ತಲೆ ಎತ್ತದೆ.

ಮರುದಿನ ಯಾರಿಗೂ ಏನನ್ನೂ ತೆಗೆಯಲು ಹೇಳಲಿಲ್ಲ. ಸೀರೆ, ಹಪ್ಪಳ, ತುಳಸಿ ಡಬ್ಬಿ ಎಲ್ಲವೂ ಚಿತ್ರದೊಳಗೆ ಬಂದವು. ಅದನ್ನು ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ, ತಿಕೋಟಾ ಬಸ್ಸು ಹತ್ತಿದಳು.

ಹೊರಸಿನ ಮೇಲಿದ್ದ ಅಕ್ಕನ ಕಣ್ಣು ಕಮಾನಿನ ಮೇಲೆ ನಿಲ್ಲಲೇ ಇಲ್ಲ. ಬೆರಳು ನೆಟ್ಟಗೆ ಐದನೇ ಅಂತಸ್ತಿಗೆ ಹೋಯಿತು.

"ಇಲ್ಲೈತಿ ನೋಡು ನಮ್ಮ ದುಂಡಿ ಮನಿ! ಈ ಹಳದಿ ತುಂಡ ನನ್ನ ಮದಿವಿ ಸೀರಿದು." ಆಮೇಲೆ, "ಇಷ್ಟ್ಯಾಕ ತಡಾ ಮಾಡಿದಿ ಬೇ?"

"ತಪ್ಪಾತ್ರಿ," ಎಂದಳು ಸ್ನೇಹಲ. ಹಾಸಿಗೆಯಿಂದ ಕಾಣುವ ಗೋಡೆಯಲ್ಲಿ ಮೊಳೆ ಹೊಡೆದು, ಚಿತ್ರ ತೂಗುಹಾಕಿದಳು.