ತಾಕ್ ಟೀಚರನ್ನು ಎತ್ತಿದವರು

ಶವಪೆಟ್ಟಿಗೆ ಹೊರುವವರಿಗೆಂದು ಆರು ಜೊತೆ ಬಿಳಿ ಕೈಗವಸುಗಳನ್ನಿಟ್ಟಿದ್ದ ಪೊಟ್ಟಣವನ್ನು ಪಿ ಯೊಂಗ್‌ಜಾ ಮೇಜಿನ ಮೇಲಿಂದ ಬಾಚಿಕೊಂಡು ತನ್ನ ಕರಿ ಅಂಗಿಯೊಳಗೆ ತುರುಕಿಬಿಟ್ಟಳು.

"ಏಯ್, ಏನಮ್ಮಾ ಇದು! ಕೊಡಿ ಇಲ್ಲಿ!" ಎಂದು ತಾಕ್ ಗಿಚೊಲ್ ಕೈ ಚಾಚಿದ.

"ಬೇಕಿದ್ರೆ ನೀವೇ ಕೈ ಹಾಕಿ ತಗೊಳ್ಳಿ ಯಜಮಾನ್ರೇ."

ಅರವತ್ತಾರು ವರ್ಷದವನು, ತೀರಿಹೋದವಳ ಒಬ್ಬನೇ ತಮ್ಮ, ತೋಳಿಗೆ ಉತ್ತರಕ್ರಿಯೆಯ ಕರ್ತೃವಿನ ಪಟ್ಟಿ ಬೇರೆ ಕಟ್ಟಿಕೊಂಡವನು, ಕೈ ಹಾಕುವುದುಂಟೇ? ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆ ಕೆರೆದುಕೊಂಡ. ಯೊಂಗ್‌ಜಾಗೆ ಐವತ್ತೆರಡು ವರ್ಷ. ಮೊದಲು ಗುನ್ಸಾನ್ ಬಂದರಿನಲ್ಲಿ ಮೀನು ಮಾರುತ್ತಿದ್ದವಳು, ಈಗ ಮುದುಕರ ಆಸ್ಪತ್ರೆಯೊಂದರಲ್ಲಿ ನರ್ಸು. ಅವಳ ಬಾಯಿಗೆ ಹೆದರದ ಗಂಡಸು ಆ ಮಾರುಕಟ್ಟೆಯಲ್ಲಿ ಇರಲಿಲ್ಲ, ಇಲ್ಲೂ ಇರಲಿಲ್ಲ.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಶವಮಂದಿರದಲ್ಲಿ ಅದು ಮೂರನೆಯ ದಿನದ ಬೆಳಿಗ್ಗೆ. ಏಳು ಗಂಟೆಗೆ ಪೆಟ್ಟಿಗೆ ಹೊರಡಬೇಕು, ಒಂಬತ್ತಕ್ಕೆ ಚಿತಾಗಾರದಲ್ಲಿ ಸರದಿ. ಸೇವಂತಿಗೆಯ ನಡುವಿನ ಪಟದಿಂದ ತಾಕ್ ಬೊಕ್‌ಹಿ ಹುಬ್ಬುಗಂಟಿಕ್ಕಿಕೊಂಡು ನೋಡುತ್ತಿದ್ದಳು. ನಗುವ ಪಟ ಒಂದಾದರೂ ಸಿಗಲಿ ಎಂದು ಶಿಷ್ಯೆಯರು ಮನೆಯೆಲ್ಲ ಜಾಲಾಡಿದ್ದರು, ಸಿಕ್ಕಿರಲಿಲ್ಲ.

"ನೋಡಿ," ಗಿಚೊಲ್ ದನಿ ತಗ್ಗಿಸಿದ. "ನಮ್ಮಕ್ಕ ಗಂಡ ಇಲ್ಲದೆ, ಮಕ್ಕಳಿಲ್ಲದೆ ಬದುಕಿದ್ಲು. ಊರವರು ಆಡ್ಕೊಂಡದ್ದು ಸಾಕು. ಹೋಗುವಾಗಲಾದ್ರೂ ಆರು ಜನ ಗಂಡಸರು ಹೊತ್ತರು ಅನ್ನಿಸ್ಕೊಳ್ಳಲಿ. ಹೆಂಗಸರ ಕೈಲಿ ಹೆಣ ಹೊರಿಸಿದ ಅಂತ ನಾಳೆ ನನ್ನ ಮುಖಕ್ಕೆ ಉಗೀತಾರೆ."

"ಎಲ್ಲಿದ್ದಾರೆ ಆ ಗಂಡಸರು?"

ಗಂಡಸರು ಒಳಗಿನ ಕೋಣೆಯಲ್ಲಿದ್ದರು. ಗಿಚೊಲ್‌ನ ಟ್ಯಾಕ್ಸಿ ಸ್ಟ್ಯಾಂಡಿನ ಗೆಳೆಯರು ನಾಲ್ವರು ಎರಡು ರಾತ್ರಿ ಇಸ್ಪೀಟಾಡಿ, ಸೋಜು ಕುಡಿದು, ಈಗ ಒಬ್ಬರ ಕಾಲ ಮೇಲೊಬ್ಬರು ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದರು. ಐದನೆಯವನು ಗಿಚೊಲ್‌ನ ಮಗ, ತೀರಿಹೋದವಳ ಸೋದರಳಿಯ. ಅವನಿಗೆ ಬೆನ್ನು ನೋವು, ಸೊಂಟಕ್ಕೆ ಪಟ್ಟಿ. ಆರನೆಯವನು ಇನ್ನೂ ಸಿಕ್ಕಿರಲಿಲ್ಲ.

"ಟೀಚರ್ ನಮಗೆ ಹೇಳಿ ಹೋಗಿದ್ದಾರೆ," ಎಂದಳು ಯೊಂಗ್‌ಜಾ. "ನನ್ನನ್ನ ನೀವೇ ಎತ್ತಬೇಕು, ಎತ್ತೋದು ಬರದವರ ಕೈಗೆ ಕೊಡಬೇಡಿ ಅಂತ. ಬಾಯಿಬಿಟ್ಟು ಹೇಳಿದ್ದಾರೆ. ಸಾಕ್ಷಿಗೆ ಈ ಐದು ಜನ ಇದ್ದಾರೆ."

ಅವಳ ಹಿಂದೆ ಐವರೂ ನಿಂತಿದ್ದರು. ಇಬ್ಬರು ರಾತ್ರಿಪಾಳಿ ಮುಗಿಸಿ ನೇರವಾಗಿ ಬಂದ ನರ್ಸುಗಳು, ಇಬ್ಬರು ಇನ್ನೂ ಓದುತ್ತಿರುವ ಹುಡುಗಿಯರು. ಕೊನೆಯವಳು ಮೊಕ್ ನಾರೆ. ಇಪ್ಪತ್ನಾಲ್ಕು ವರ್ಷದ ನಾರೆ ಮೂರು ದಿನದಿಂದ ಸಾವಿಗೆ ಬಂದವರಿಗೆಲ್ಲ ಕೆಂಪು ಸಾರು ಬಡಿಸಿದ್ದಳು, ಪಾತ್ರೆ ತೊಳೆದಿದ್ದಳು, ಆದರೆ ಒಂದು ಮಾತೂ ಆಡಿರಲಿಲ್ಲ. ಇದೇ ಕಟ್ಟಡದ ಆರನೆಯ ಮಹಡಿಯಲ್ಲಿ ನಾಲ್ಕು ತಿಂಗಳು ನರ್ಸಾಗಿದ್ದು ಬಿಟ್ಟುಹೋದವಳು ಅವಳು. ಲಿಫ್ಟಿನ ಬಾಗಿಲು ತೆರೆದಾಗಲೆಲ್ಲ ಅವಳು ಕಂಬದ ಮರೆಗೆ ಸರಿಯುತ್ತಿದ್ದಳು.

*

ತಾಕ್ ಬೊಕ್‌ಹಿ ದೊಡ್ಡಾಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ದುಡಿದು, ಹೆಡ್ ನರ್ಸ್ ಕೂಡ ಆಗದೆ ನಿವೃತ್ತಳಾದವಳು. ಮೇಲಿನವರಿಗೆ ತಲೆಯಾಡಿಸುವುದು ಅವಳ ಕತ್ತಿಗೆ ಒಗ್ಗುತ್ತಿರಲಿಲ್ಲ. ನಿವೃತ್ತಿಯ ಮಾರನೆಯ ವಾರವೇ ಶಾವಿಗೆ ಅಂಗಡಿಯ ಮೇಲೆ ಒಂದು ಕೋಣೆ ಹಿಡಿದು, ಹಳೆಯ ಆಸ್ಪತ್ರೆ ಮಂಚವೊಂದನ್ನು ಹಾಕಿಕೊಂಡು, ನರ್ಸಿಂಗ್ ಓದುವವರಿಗೆ ಪಾಠ ಶುರುಮಾಡಿದಳು.

ಯೊಂಗ್‌ಜಾ ಮೊದಲ ದಿನ ಬಂದಾಗ ಅವಳ ಕೈಯಿಂದ ಮೀನಿನ ವಾಸನೆ ಇನ್ನೂ ಹೋಗಿರಲಿಲ್ಲ. ನಲವತ್ತೊಂದರಲ್ಲಿ ಕಾಲೇಜು ಸೇರಿದ್ದಳು. ಪರೀಕ್ಷೆಗೆ ಮುಖ್ಯವಾದ ಪ್ರಶ್ನೆಗಳನ್ನಷ್ಟೇ ಹೇಳಿಕೊಡಿ ಎಂದು ಕೇಳಿದಳು.

"ಮಂಚದ ಮೇಲೆ ಮಲಗು," ಎಂದಳು ಬೊಕ್‌ಹಿ.

ಯೊಂಗ್‌ಜಾ ಮಲಗಿದಳು. ಬೊಕ್‌ಹಿ ಕುರ್ಚಿಯಲ್ಲಿ ಕೂತು ಪೇಪರ್ ಓದತೊಡಗಿದಳು. ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಅಲುಗಾಡಿದರೆ ಗದರಿಕೆ.

"ಎಲ್ಲಿ ನೋಯ್ತಿದೆ?"

"ಹಿಮ್ಮಡಿ. ಸೊಂಟದ ಕೆಳಗಿನ ಮೂಳೆ. ಹಿಂದಲೆ. ಅಯ್ಯೋ ಟೀಚರ್, ಭುಜದ ಹಲಗೇನೂ ಹೋಯ್ತು."

"ಹುಣ್ಣಾಗೋ ಜಾಗಗಳು ಅವೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸು ಅಂತ ಪುಸ್ತಕದಲ್ಲಿದೆ. ಯಾಕೆ ಅಂತ ಈಗ ನಿನ್ನ ಮೈಗೇ ಗೊತ್ತಾಯ್ತು. ಬರೆದುಕೊಳ್ಳೋ ಅಗತ್ಯ ಇಲ್ಲ, ಏಳು."

ಕೆಲಸದ ವಿಷಯಕ್ಕೂ ಅವಳ ದಾರಿ ಅವಳದೇ. ಯಾವ ಆಸ್ಪತ್ರೆಗೆ ಅರ್ಜಿ ಹಾಕಲಿ ಟೀಚರ್ ಎಂದು ಕೇಳಿದವರಿಗೆ ಅವಳು ಹೆಸರು ಹೇಳುತ್ತಿರಲಿಲ್ಲ. "ಬೆಳಿಗ್ಗೆ ಏಳೂವರೆಗೆ ಆಸ್ಪತ್ರೆ ಹಿಂಬಾಗಿಲ ಬಸ್ ಸ್ಟಾಪಲ್ಲಿ ನಿಲ್ಲು. ರಾತ್ರಿಪಾಳಿ ಮುಗಿಸಿ ಬರೋ ಹೊಸ ಹುಡುಗೀರನ್ನ ನೋಡು. ಒಬ್ಬರಿಗೊಬ್ಬರು ಮಾತಾಡ್ಕೊಂಡು ಬರ್ತಾರಾ, ಒಬ್ಬೊಬ್ಬಳೇ ಗೋಡೆ ಹಿಡ್ಕೊಂಡು ಬರ್ತಾಳಾ? ಏಳೂವರೆಗೆ ಬರ್ತಾರಾ, ಒಂಬತ್ತೂವರೆಗಾ? ಒಂದು ವಾರ ನಿಲ್ಲು. ಆಮೇಲೆ ಅರ್ಜಿ ಹಾಕು." ಬಣ್ಣಬಣ್ಣದ ಜಾಹೀರಾತು ಪುಸ್ತಿಕೆಗಳನ್ನು ಮಾತ್ರ ಅವಳು ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದಳು. ಅಲುಗಾಡುವ ಮಂಚದ ಕಾಲಿಗೆ ಕೊಡಲು ದಪ್ಪ ಕಾಗದ ಬೇಕಾಗುತ್ತಿತ್ತು.

ನಾರೆ ಬಸ್ ಸ್ಟಾಪಿನಲ್ಲಿ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಅವಳಮ್ಮ ಬೀದಿಗೆಲ್ಲ ಅಕ್ಕಿ ಕಡುಬು ಹಂಚಿಯಾಗಿತ್ತು.

*

"ಹೇಳಿದ್ದಾರೆ ಅಂದ್ರೆ ಆಯ್ತಾ?" ಗಿಚೊಲ್ ಈಗ ಕೂಗಾಡುತ್ತಿದ್ದ. "ಸಾಯೋರು ನೂರು ಹೇಳ್ತಾರೆ! ಒಡಹುಟ್ಟಿದವನು ನಾನು. ಭಾನುವಾರ ಭಾನುವಾರ ಪೇರಳೆ ಹಣ್ಣು ತಗೊಂಡು ಬರ್ತಿದ್ದೋನು ನಾನು. ನೀವು ಯಾರ್ರೀ?"

"ನಾವು ಸೋಮವಾರದಿಂದ ಶನಿವಾರದವರು," ಎಂದಳು ಯೊಂಗ್‌ಜಾ. "ಭಾನುವಾರ ನೀವು ಹೋದ ಮೇಲೆ ಉಳಿದ ಹೊತ್ತಿನವರೂ ನಾವೇ. ಎರಡು ತಿಂಗಳು ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದವರು ಯಾರು? ನಿಮ್ಮ ಟ್ಯಾಕ್ಸಿ ಸ್ಟ್ಯಾಂಡಾ? ನಂಬಿಕೆ ಇಲ್ಲದಿದ್ರೆ ನಿನ್ನೆ ಮೈ ತೊಳೆದವರನ್ನೇ ಕೇಳಿ."

ಎಲ್ಲರೂ ಬೊಂಗ್ ಕಡೆ ತಿರುಗಿದರು. ಶವಕ್ಕೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುವುದು, ಪೆಟ್ಟಿಗೆ ಕಟ್ಟುವುದು, ಹೊರಡಿಸುವುದು ಎಲ್ಲ ಅವನದೇ ಕೆಲಸ. ಜಗಳಗಳ ಮಧ್ಯೆ ಗೋಡೆಯಂತೆ ನಿಂತು ಅಭ್ಯಾಸವಿದ್ದ ಅವನು ಗಂಟಲು ಸರಿಪಡಿಸಿಕೊಂಡ.

"ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ ಸ್ವಾಮಿ. ಒಂದು ತಿಂಗಳು ಮಲಗಿದವರ ಬೆನ್ನು ನೋಡಕ್ಕಾಗಲ್ಲ. ಮನೆಯವರಿಗೆ ಕಾಣದ ಹಾಗೆ ಹತ್ತಿ ಇಟ್ಟು ಮುಚ್ಚಿಬಿಡ್ತೀವಿ. ಈ ಅಮ್ಮನ ಬೆನ್ನಲ್ಲಿ..." ಅವನು ತನ್ನ ಅಂಗೈ ತೋರಿಸಿದ. "ಹೀಗಿತ್ತು. ಒಂದು ಕೆಂಪು ಚುಕ್ಕೆ ಇರಲಿಲ್ಲ. ನನ್ನ ಜೊತೆಯವನನ್ನ ಕರೆದು ತೋರಿಸ್ದೆ."

ಗಿಚೊಲ್ ಹೋಗಿ ಅಕ್ಕನ ಪಟದ ಮುಂದೆ ನಿಂತ. ಅವನಿಗೆ ಅಳು ಬಂದಿತ್ತು. ಅಳುವುದಕ್ಕಿಂತ ಸಿಟ್ಟಾಗುವುದು ಅವನಿಗೆ ಸುಲಭ.

"ಬೀಳಿಸಿದ್ರೆ ಮಾತ್ರ ನೋಡಿ ಮತ್ತೆ," ಎಂದ, ತಿರುಗದೆಯೇ.

ಯೊಂಗ್‌ಜಾ ಅಂಗಿಯೊಳಗಿಂದ ಪೊಟ್ಟಣ ತೆಗೆದು ಹಂಚಿದಳು. ಎಲ್ಲವೂ ಗಂಡಸರ ಅಳತೆಯವು. ನಾರೆಯ ಬೆರಳುಗಳು ಅವುಗಳೊಳಗೆ ಎಲ್ಲೋ ಕಳೆದುಹೋದವು.

*

ನಾರೆ ಕೆಲಸ ಬಿಡಲು ಕಾರಣವಾದ ಆ ದಿನ ಆರನೆಯ ಮಹಡಿಯಲ್ಲಿ ನಾಲ್ವರು ಸೇರಿ ಒಬ್ಬ ದಪ್ಪ ಅಜ್ಜನನ್ನು ಮಂಚದಿಂದ ಗಾಲಿಮಂಚಕ್ಕೆ ಬದಲಿಸುತ್ತಿದ್ದರು. ತಲೆಯ ಕಡೆ ಹೆಡ್ ನರ್ಸ್ ಗ್ಯೆ ಮೇಡಂ. ನಾರೆ ಕಾಲಿನ ಕಡೆ. ಅಜ್ಜನನ್ನು ಎತ್ತಿದ ಕೂಡಲೇ ಅವನ ಕೆಳಗಿನ ಹಾಸುಬಟ್ಟೆಯ ಅಂಚು ಅವಳ ಬೆರಳುಗಳಿಂದ ಜಾರತೊಡಗಿತು. ಜಾರುತ್ತಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಮಾತು ಹೇಳಿದರೆ ಸಾಕಿತ್ತು. ಆದರೆ ಆ ವಾರ್ಡಿನಲ್ಲಿ ಹೊಸಬರು ಬಾಯಿ ತೆರೆದರೆ ಏನಾಗುತ್ತದೆಂದು ನಾಲ್ಕು ತಿಂಗಳಲ್ಲಿ ಕಲಿತಿದ್ದಳು. ಅಜ್ಜ ಬಿದ್ದ. ಸೊಂಟ ಮುರಿಯಿತು. ವರದಿಯಲ್ಲಿ ಒಂದೇ ಹೆಸರಿತ್ತು, ನಾರೆಯದು.

ಅವಳು ಶಾವಿಗೆ ಅಂಗಡಿಯ ಮೇಲಿನ ಕೋಣೆಗೆ ಬಂದಾಗ ಬೊಕ್‌ಹಿ ಆಗಲೇ ಹಾಸಿಗೆ ಹಿಡಿದಿದ್ದಳು. ಪಾಠದ ಮಂಚವೇ ಅವಳ ಮಂಚವಾಗಿತ್ತು.

"ಕೈ ಜಾರ್ತಿದೆ ಅಂತ ಗೊತ್ತಾಗಿತ್ತಾ?"

"ಹೂಂ."

"ಹೇಳಿದ್ಯಾ?"

"ಇಲ್ಲ."

"ಹೇಳಿದ್ರೆ ಏನಾಗ್ತಿತ್ತು?"

"ಬೈತಿದ್ರು ಟೀಚರ್. ಎಲ್ಲರ ಮುಂದೆ."

"ಬೈದ್ರೆ ನಿನ್ನ ಸೊಂಟ ಮುರೀತಿತ್ತಾ?"

ನಾರೆ ಬಿಕ್ಕಿದಳು. ಬೊಕ್‌ಹಿ ಸಮಾಧಾನ ಹೇಳಲಿಲ್ಲ.

"ಆ ಹೆಡ್ ನರ್ಸ್‌ದು ದೊಡ್ಡ ತಪ್ಪು," ಎಂದಳು. "ಮನುಷ್ಯರ ಬಾಯಿ ಹೊಲಿದು ಕೆಲಸ ಮಾಡಿಸೋಳು ಅವಳು. ಆದ್ರೆ ನಿಂದೂ ಒಂದು ತಪ್ಪಿದೆ. ಅವಳದ್ದನ್ನ ನೀನು ಹೊತ್ಕೋಬೇಡ, ನಿಂದನ್ನ ಕೆಳಗಿಡಬೇಡ. ಗೊತ್ತಾಯ್ತಾ? ಅತ್ತದ್ದು ಸಾಕು. ನಾನು ಈ ಮಗ್ಗುಲಲ್ಲಿ ಮಲಗಿ ಎರಡು ಗಂಟೆ ದಾಟಿತು."

*

ಪೆಟ್ಟಿಗೆಗೆ ಸುತ್ತ ಬಿಗಿದಿದ್ದ ಬಿಳಿ ಬಟ್ಟೆಯ ಪಟ್ಟಿಗಳನ್ನು ಆರು ಜನ ಹಿಡಿದರು. ಮುಂದೆ ನಾರೆ ಮತ್ತು ಯೊಂಗ್‌ಜಾ. ಪಟ ಹಿಡಿದ ಸೋದರಳಿಯ ಎಲ್ಲರಿಗಿಂತ ಮುಂದೆ, ಗಿಚೊಲ್ ಹಿಂದೆ. ನಿದ್ದೆಯಿಂದೆದ್ದ ಟ್ಯಾಕ್ಸಿಯವರು ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಅವನ ಹಿಂದೆ. ನೆಲಮಾಳಿಗೆಯಿಂದ ರಸ್ತೆಗೆ ಇಳಿಜಾರು ಹತ್ತಿ ಹೋಗಬೇಕು. ಫೆಬ್ರವರಿ ತಿಂಗಳು. ರಾತ್ರಿಯ ಮಂಜು ಸಿಮೆಂಟಿನ ಮೇಲೆ ಗಾಜಿನಂತೆ ಹೆಪ್ಪುಗಟ್ಟಿತ್ತು.

ಮೇಲೆ ಶವವಾಹನದ ಪಕ್ಕದಲ್ಲಿ ಹಳೆಯ ಸಹೋದ್ಯೋಗಿಯನ್ನು ಕಳುಹಿಸಿಕೊಡಲು ಬಂದ ಆಸ್ಪತ್ರೆಯ ಕೆಲವರು ಕೈಕಟ್ಟಿ ನಿಂತಿದ್ದರು. ನಡುವೆ ಗ್ಯೆ ಮೇಡಂ, ಒಗೆದು ಇಸ್ತ್ರಿ ಮಾಡಿದ ಮುಖ ಹೊತ್ತುಕೊಂಡು.

ಅವಳನ್ನು ಕಂಡದ್ದೇ ನಾರೆ ಕಣ್ಣನ್ನು ನೆಲಕ್ಕಿಳಿಸಿದಳು. ಹತ್ತು ಹೆಜ್ಜೆ ಹತ್ತಿದರು. ಹನ್ನೆರಡು. ದೊಗಳೆ ಕೈಗವಸಿನೊಳಗೆ ಬೆವರು, ಅದರ ಹೊರಗೆ ಬಟ್ಟೆಯ ಪಟ್ಟಿ ಕೂದಲೆಳೆಯಷ್ಟು ಸರಿಯಿತು. ಇನ್ನಷ್ಟು ಸರಿಯಿತು. ಮೇಲೆ ತಲುಪಲು ಎಂಟೇ ಹೆಜ್ಜೆ. ಹಲ್ಲು ಕಚ್ಚಿದರೆ ಆದೀತು. ಹಲ್ಲು ಕಚ್ಚಿದಳು. ಪಟ್ಟಿ ಬೆರಳ ತುದಿಗೆ ಬಂತು.

"ನಿಲ್ಲಿ!"

ಆ ಕೂಗು ತನ್ನದೆಂದು ಅವಳಿಗೇ ನಂಬಿಕೆಯಾಗಲಿಲ್ಲ. ಐವರೂ ನಿಂತರು. "ಇಳಿಸಿ," ಎಂದಳು. ಐವರೂ ಒಂದೇ ಸಲ ಇಳಿಸಿದರು. ಪೆಟ್ಟಿಗೆ ಸದ್ದಿಲ್ಲದೆ ನೆಲ ಮುಟ್ಟಿತು.

"ಅಯ್ಯಯ್ಯೋ, ದಾರೀಲಿ ನೆಲಕ್ಕಿಟ್ಟರಲ್ಲಪ್ಪಾ!" ಎಂದು ಟ್ಯಾಕ್ಸಿಯವನೊಬ್ಬ ಬಾಯಿ ಬಡಿದುಕೊಂಡ.

ಗ್ಯೆ ಮೇಡಂ ನಾಲ್ಕು ಹೆಜ್ಜೆ ಇಳಿದು ಬಂದಳು. ಹಳೆಯ ದನಿ, ಮೆಲ್ಲಗೆ, ಹರಿತವಾಗಿ: "ಮೊಕ್ ನಾರೆ. ಇಲ್ಲೂ ನಿಂದು ಇದೇನಾ? ಇಷ್ಟು ಜನ ನೋಡ್ತಿದ್ದಾರೆ. ಸುಮ್ನೆ ಎತ್ತು."

"ಕೈ ಜಾರ್ತಿದೆ."

"ಏನಂದೆ?"

"ನನ್ನ ಕೈ ಜಾರ್ತಿದೆ ಅಂದೆ ಮೇಡಂ." ನಾರೆ ಹಿಡಿದ ಪಟ್ಟಿಯನ್ನು ಪೂರ್ತಿ ಬಿಟ್ಟಳು. "ಜಾರೋವಾಗ ಎತ್ತಲ್ಲ. ಯಾರು ನೋಡ್ತಿದ್ರೂ ಎತ್ತಲ್ಲ. ಅವತ್ತೂ ಜಾರ್ತಿತ್ತು. ಅವತ್ತು ಹೇಳಲಿಲ್ಲ, ಅದು ನನ್ನ ತಪ್ಪು. ಹೇಳೋಕೆ ಬಿಡದೇ ಇದ್ದದ್ದು ನಿಮ್ಮದು. ಈಗ ಸ್ವಲ್ಪ ಪಕ್ಕಕ್ಕೆ ನಿಲ್ಲಿ, ದಾರಿಗೆ ಅಡ್ಡ ಇದ್ದೀರಿ."

ಯೊಂಗ್‌ಜಾ "ಹಾಂ!" ಎಂದಳು, ಮೀನು ಮಾರುಕಟ್ಟೆಯಲ್ಲಿ ಒಳ್ಳೆಯ ಬೆಲೆ ಬಂದಾಗ ಅನ್ನುವಂತೆ. ಗ್ಯೆ ಮೇಡಂ ಮೇಲೆ ನಿಂತವರತ್ತ ತಿರುಗಿ ನೋಡಿದಳು. ಅಲ್ಲಿದ್ದ ಎಳೆಯ ನರ್ಸುಗಳಲ್ಲಿ ಒಬ್ಬಳೂ ಕಣ್ಣು ತಗ್ಗಿಸಲಿಲ್ಲ. ಅವಳು ಪಕ್ಕಕ್ಕೆ ಸರಿದಳು.

ನಾರೆ ಕೈಗವಸು ಕಿತ್ತು ಎಸೆದಳು. ಉಳಿದ ಐವರೂ ಕಿತ್ತರು. ಆಗ ಹಿಂದಿನಿಂದ ಗಿಚೊಲ್ ಬಂದ. ಬೀಳಿಸಿದರೆ ನೋಡಿ ಎಂದಿದ್ದವನು. ಈಗ ಬೈಗುಳದ ಮಳೆಯೇ ಎಂದುಕೊಂಡು ನಾರೆ ನೆಟ್ಟಗೆ ನಿಂತಳು. ಅವನು ಪೆಟ್ಟಿಗೆಯನ್ನೂ ಅವಳ ಬರಿಗೈಯನ್ನೂ ಮಂಜುಗಟ್ಟಿದ ನೆಲವನ್ನೂ ನೋಡಿದ. ತೋಳಿನ ಪಟ್ಟಿಯನ್ನು ಮೇಲಕ್ಕೇರಿಸಿಕೊಂಡ.

"ಹತ್ತುವಾಗ ಭಾರ ಯಾವ ಕಡೆ ಬೀಳುತ್ತೆ?"

"ಕೆಳಗಡೆ ತುದಿಗೆ," ಎಂದಳು ನಾರೆ.

ಅವನು ಕೆಳತುದಿಗೆ ಹೋಗಿ, ಇಬ್ಬರು ಹುಡುಗಿಯರ ನಡುವೆ ಜಾಗ ಮಾಡಿಕೊಂಡು, ಪಟ್ಟಿಗೆ ಕೈ ಹಾಕಿ ಬಾಗಿದ.

"ಹಾಗಲ್ಲ ಯಜಮಾನ್ರೇ. ಸೊಂಟ ಬಗ್ಗಿಸ್ಬೇಡಿ. ಮಂಡಿ ಬಗ್ಗಿಸಿ," ಎಂದಳು ನಾರೆ ಮುಂದಿನಿಂದಲೇ.

ಟ್ಯಾಕ್ಸಿಯವರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ತಾಕ್ ಗಿಚೊಲ್ ಹಿಮ್ಮಡಿ ಊರಿ, ಬೆನ್ನು ನೆಟ್ಟಗೆ ಮಾಡಿ, ಮಂಡಿ ಬಗ್ಗಿಸಿ ಕುಕ್ಕರಗಾಲಲ್ಲಿ ಕೂತ. ಮಂಜಿನ ಇಳಿಜಾರಿನಲ್ಲಿ ಪೆಟ್ಟಿಗೆಯ ಸುತ್ತ ಏಳು ಜನ ಹಾಗೆಯೇ ಕೂತಿದ್ದರು, ಎತ್ತಲು ಯಾವಾಗ ಒಂದು, ಎರಡು, ಮೂರು ಎಣಿಸುತ್ತಾಳೋ ಎಂದು ಉಳಿದ ಆರು ಜನ ನಾರೆಯ ಬಾಯನ್ನೇ ನೋಡುತ್ತಿದ್ದರು.