ರಾಮಲಿಂಗಯ್ಯನವರ ಆಟಿಕೆ ರೈಲಿನ ಗೇಟು

ಮೂರನೇ ಸಲ ಅದೇ ಮನೆಯ ಮೆಟ್ಟಿಲು ಹತ್ತುವಾಗ ನನಗೆ ಹೆದರಿಕೆಯಾಗಿತ್ತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಗುತ್ತಲಿನ ಕಂಟ್ರಾಕ್ಟರ್ ರಾಮಲಿಂಗಯ್ಯನವರಿಗೆ ಐವತ್ತು ದಾಟಿದ್ದರೂ ಆಟಿಕೆ ರೈಲಿನ ಹುಚ್ಚು. ಯುದ್ಧಕ್ಕೆ ಮುಂಚೆ ವಿಲಾಯಿತಿಯಿಂದ ತರಿಸಿದ್ದಂತೆ. ನಡುಮನೆ ತುಂಬ ಕಂಬಿ. ರೈಲು ಹತ್ತಿರ ಬಂದರೆ ಗೇಟು ತಾನೇ ಬೀಳಬೇಕು, ಕೆಂಪು ದೀಪ ಹತ್ತಬೇಕು. ನಾನು ರಿಪೇರಿ ಮಾಡಿದ ದಿನ ಎಲ್ಲ ಸರಿ, ಮಾರನೆಯ ದಿನ ಮತ್ತೆ ಕೆಟ್ಟಿರುತ್ತಿತ್ತು. ನಿನ್ನೆಯಂತೂ ಅವರಿಗೇ ಕರೆಂಟು ಹೊಡೆದಿತ್ತು.

"ಏನ್ಲಾ ಕೆಂಪಸಿದ್ದ, ನಿನ್ ಕೈಗುಣಾನೇ ಸರಿ ಇಲ್ಲ ಕಣ್ಲಾ. ಇನ್ನೊಂದ್ಸಲ ಕೆಟ್ರೆ ನಿಮ್ಮ ಸಾಹೇಬ್ರಿಗೆ ಕಾಗ್ದ ಬರೀತೀನಿ. ಓಗಿ ನಿಮ್ಮೂರು ಪೂರಿಗಾಲೀಲಿ ದನ ಕಾಯಿ!"

ಬರೆಯುವ ಆಸಾಮಿಯೇ. ನಮ್ಮ ಕೇರಿಯಲ್ಲಿ ವೈರ್‌ಮನ್ ಕೆಲಸ ಸಿಕ್ಕಿದ್ದು ನನಗೊಬ್ಬನಿಗೆ. ಅದು ಹೋದರೆ ಮತ್ತೆ ಗೌಡರ ಕೊಟ್ಟಿಗೆಯೇ ಗತಿ.

ದೀಪ ಬಿಚ್ಚಿ ನೋಡಿದೆ, ಸರಿಯಿತ್ತು. ಗೇಟಿನೊಳಗಿನ ತಂತಿಯ ಸುರುಳಿಯೂ ಸರಿಯಿತ್ತು. ಉಳಿದದ್ದು ನೆಲದ ಮೇಲಿದ್ದ, ಕರೆಂಟು ತಗ್ಗಿಸುವ ಪೆಟ್ಟಿಗೆ. ಮೇನ್ ಸ್ವಿಚ್ ಆರಿಸಿ ಮುಚ್ಚಳ ತೆಗೆದರೆ, ಥೂ, ಗಂಜಲದ ವಾಸನೆ! ತಾಮ್ರದ ಮೇಲೆಲ್ಲ ಹಸಿರು ಕಿಲುಬು, ತಳವೆಲ್ಲ ಒದ್ದೆ.

ತಲೆಯೆತ್ತಿದೆ. ಅವರ ಹೆಂಡತಿ ಕಾಮಾಕ್ಷಮ್ಮ ಅಡುಗೆಮನೆ ಬಾಗಿಲಲ್ಲಿ ಗಂಜಲದ ಚೊಂಬು ಹಿಡಿದು, ನಾನು ಯಾವಾಗ ತೊಲಗುತ್ತೇನೋ ಎಂದು ಕಾಯುತ್ತಿದ್ದರು. ನಮ್ಮವರು ಕಾಲಿಟ್ಟ ಜಾಗಕ್ಕೆ ಅದನ್ನು ಚಿಮುಕಿಸದೆ ಅವರು ಒಲೆ ಹಚ್ಚುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಬುದ್ಧಿ, ಕೆಡುಸ್ತಿರೋದು ನನ್ ಕೈಯಲ್ಲ. ನಾನು ಓದ್ಮೇಲೆ ಅವ್ವಾರು ಗಂಜಲ ಚಿಮುಕುಸ್ತಾರಲ್ಲ, ಅದು ಪೆಟ್ಗೆ ಒಳೀಕೆ ಇಳೀತಾ ಅದೆ. ನಿಮ್ಗೆ ಕರೆಂಟು ಒಡೆದಿದ್ದೂ ಅದ್ಕೇಯ."

ರಾಮಲಿಂಗಯ್ಯನವರು ಪೆಟ್ಟಿಗೆ ನೋಡಿದರು, ಹೆಂಡತಿಯನ್ನು ನೋಡಿದರು. ಇನ್ನು ಮೇಲೆ ಚಿಮುಕಿಸಬೇಡ ಅನ್ನುತ್ತಾರೆ ಅಂದುಕೊಂಡೆ. ನನ್ನ ದಡ್ಡತನ.

"ಅಂಗಾದ್ರೆ ಪೆಟ್ಗೇನ ಗೋಡೆ ಮ್ಯಾಲಕ್ಕೆ ಒಡ್ದುಬುಡು. ಆಗ ಗಂಜಲ ತಾಕಾಕಿಲ್ಲ" ಅಂದರು.

ಪೆಟ್ಟಿಗೆಯನ್ನು ಒರೆಸಿ, ಉಜ್ಜಿ, ಬಿಸಿಲಿಗಿಟ್ಟು ಒಣಗಿಸಿದೆ. ಎದೆಯೆತ್ತರಕ್ಕೆ ಹಲಗೆ ಹೊಡೆದು ಕೂರಿಸಿದೆ. ಒಂದೊಂದು ಮೊಳೆಯನ್ನೂ ನಾನೇ ಹೊಡೆದೆ, ಕೆಲಸ ಬೇಕಿತ್ತಲ್ಲ. ರೈಲು ಓಡಿತು, ಗೇಟು ಬಿತ್ತು, ದೀಪ ಹತ್ತಿತು.

"ಬದುಕ್ಕಂಡೆ ಓಗ್ಲಾ, ಕಾಗ್ದ ಬರಿಯಾಕಿಲ್ಲ" ಎಂದು ಅವರು ನಕ್ಕರು.

ನಾನು ಹೊಸ್ತಿಲು ದಾಟುವವರೆಗೂ ಕಾಯದೆ ಕಾಮಾಕ್ಷಮ್ಮ ಗಂಜಲ ಚಿಮುಕಿಸಿದರು. ನಾಲ್ಕು ಹನಿ ನನ್ನ ಹಿಮ್ಮಡಿಗೂ ಸಿಡಿದವು.