ಇಂಜಿನ್ನಿನ ಮೇಲೆ ಬೂದಿ ಗೆರೆ

ಹಳೇಕೋಟೆಯ ಗೌಡರಾದ ನಂಜಪ್ಪನವರು ತಮ್ಮ ನೆರಳನ್ನೂ ಒಮ್ಮೆ ತಿರುಗಿ ನೋಡಿ, ತಮ್ಮದೇ ಎಂದು ಖಾತ್ರಿ ಮಾಡಿಕೊಂಡು ಮುಂದಕ್ಕೆ ಹೆಜ್ಜೆ ಇಡುವ ಮನುಷ್ಯ. ಸುಗ್ಗಿಯಲ್ಲಿ ಅವರ ಕಣಕ್ಕೆ ಬಂದ ಆಳು ಸಂಜೆ ಮನೆಗೆ ಹೊರಟಾಗ ಹೆಗಲ ಬಟ್ಟೆ, ಮಡಿಲು ಎರಡನ್ನೂ ಅವರ ಕಣ್ಣೆದುರಿಗೇ ಕೊಡವಿ ಹೋಗಬೇಕು. ತೂರಿ ಒಟ್ಟಿದ ರಾಗಿ ರಾಶಿಯ ಮೇಲೆ ಮೂರು ಬೆರಳಿನಿಂದ ಬೂದಿ ಗೆರೆ ಎಳೆಯುವವರೂ ಅವರೇ. ಬೆಳಿಗ್ಗೆ ಗೆರೆ ಕದಡಿದ್ದರೆ ಕಳ್ಳ ಬಂದಿದ್ದ ಎಂದೇ ಲೆಕ್ಕ. ಒಂದು ವರ್ಷ ಗೆರೆ ಕದಡಿದ್ದು ಕೋಳಿ ಎಂದು ಇಡೀ ಊರಿಗೆ ಗೊತ್ತಾದ ಮೇಲೂ, ಆ ಕೋಳಿಯನ್ನು ಬಿಟ್ಟವರು ಯಾರು ಎಂದು ವಾರಗಟ್ಟಲೆ ವಿಚಾರಣೆ ನಡೆಸಿದ ಪುಣ್ಯಾತ್ಮ.

ಇಂಥವರು ಒಬ್ಬನನ್ನು ಮಾತ್ರ ನಂಬಿದ್ದರು. ಅವನು ಅವರ ಬಸ್ಸಿನ ಡ್ರೈವರ್ ರಂಗಸ್ವಾಮಿ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಆ ಬಸ್ಸು ಓಡಿದಷ್ಟು ಕಾಲವೂ ಅದರ ಚಕ್ರ ಹಿಡಿದಿದ್ದವನು ಅವನೇ. ಊಟಕ್ಕೆ ಗೌಡರ ಪಕ್ಕದಲ್ಲೇ ಎಲೆ. ಅವನಿಗೆ ಯಾರೂ ಬಟ್ಟೆ ಕೊಡವು ಎಂದು ಹೇಳಿರಲಿಲ್ಲ.

ಯುದ್ಧ ಬಂತು, ಪೆಟ್ರೋಲು ಹೋಯಿತು. ಬಸ್ಸು ಗಾಡಿ ಕೊಟ್ಟಿಗೆ ಸೇರಿ, ಅದರ ಸೀಟುಗಳ ಮೇಲೆ ಕೋಳಿಗಳು ಮೊಟ್ಟೆ ಇಟ್ಟವು. ಅಷ್ಟರಲ್ಲಿ ಚನ್ನರಾಯಪಟ್ಟಣದ ವ್ಯಾಪಾರಿ ಪಾಲಾಕ್ಷಯ್ಯ, ಬಸ್ಸು ಕೊಂಡು ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನ ಒಲೆ ಕಟ್ಟಿಸಿ ಓಡಿಸುತ್ತೇನೆ, ಶುಕ್ರವಾರ ಬಂದು ನೋಡುತ್ತೇನೆ ಎಂದು ಹೇಳಿಕಳಿಸಿದ. ನಂಜಪ್ಪನವರಿಗೆ ಹಾಲು ಕುಡಿದಷ್ಟು ಸಂತೋಷ. ಬಸ್ಸು ಮಾರಿ ಹೊಳೆನರಸೀಪುರದಲ್ಲಿ ಅಕ್ಕಿ ಗಿರಣಿ ಹಾಕಬೇಕು, ಗಿರಣಿಯ ಬೀಗದ ಕೈ ರಂಗಸ್ವಾಮಿಗೇ ಕೊಡಬೇಕು ಎಂಬುದು ಅವರ ಯೋಚನೆ. ಬಸ್ಸು ಹೋದರೆ ಹೋಗಲಿ, ಈ ಹುಡುಗ ಕೈಬಿಟ್ಟು ಹೋಗಬಾರದು ಎಂದು ಹೆಂಡತಿ ಪುಟ್ಟತಾಯಮ್ಮನ ಹತ್ತಿರ ಬಾಯಿಬಿಟ್ಟು ಹೇಳಿಕೊಂಡೂ ಇದ್ದರು. ಅವನಿಗೆ ಮಾತ್ರ ಹೇಳಿರಲಿಲ್ಲ. ಹೇಳಿದರೆ ತಲೆ ಮೇಲೆ ಕೂತಾನು ಎಂಬ ಗುಮಾನಿ.

ಗುರುವಾರ ರಂಗಸ್ವಾಮಿ ಹಾಸನಕ್ಕೆ ಹೋಗಿ, ಅಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಭಾವನ ಹತ್ತಿರದಿಂದ ಒಂದು ಗಂಟು ತಂದ. ಕೊಟ್ಟಿಗೆಯಲ್ಲಿ ಇಳಿಸಿದಾಗ ಗಂಟಿನೊಳಗೆ ಕಬ್ಬಿಣ ಖಣ್ ಎಂದಿತು.

"ಏನ್ಲಾ ಅದು?"

"ಇಂಜಿನ್ ತೊಳಿ ಅಂದ್ರಲ್ಲ, ಅದಕ್ಕೆ ಬೇಕಾದ್ದು ಗೌಡ್ರೇ. ಇಂಗೇ ಜಿಡ್ಡು ಹಿಡ್ಕಂಡಿದ್ರೆ ಬಂದೋರು ಮೂಗು ಮುರೀತಾರೆ."

ತೊಳೆಯುವುದಕ್ಕೆ ಕಬ್ಬಿಣ ಯಾಕೆ? ಅಷ್ಟು ಸಾಕಾಯಿತು. ಆ ರಾತ್ರಿ ನಂಜಪ್ಪನವರ ತಲೆಯೊಳಗೆ ಇಡೀ ಇಂಜಿನ್ನು ಬಿಚ್ಚಿ ಹರಡಿಕೊಂಡಿತು. ಒಳ್ಳೆಯ ಸಾಮಾನು ಭಾವನ ಅಂಗಡಿಗೆ, ಭಾವನ ಗುಜರಿ ಬಸ್ಸಿಗೆ. ನಾಳೆ ಪಾಲಾಕ್ಷಯ್ಯ ಮೋಸ ಹೋದೆ ಎಂದು ಬಂದು ಬಾಗಿಲಲ್ಲಿ ನಿಂತರೆ ಮರ್ಯಾದೆ ಹೋಗುವುದು ಯಾರದು? ಇಂಥವನ ಕೈಗೆ ಗಿರಣಿಯ ಬೀಗ ಕೊಡುವುದೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಶುಕ್ರವಾರ ಎಲ್ಲರಿಗಿಂತ ಮುಂಚೆ ಎದ್ದು, ಒಲೆಯ ಬೂದಿಯನ್ನು ತೆಂಗಿನ ಚಿಪ್ಪಿನಲ್ಲಿ ಕಲಸಿಕೊಂಡು ಕೊಟ್ಟಿಗೆಗೆ ಹೋದರು. ಬಾನೆಟ್ ಎತ್ತಿ, ತಮಗೆ ಹೆಸರೂ ತಿಳಿಯದ ಆ ಸಾಮಾನುಗಳ ಮೇಲೆ ಒಂದೊಂದಾಗಿ ಮೂರು ಬೆರಳಿನ ಗೆರೆ ಎಳೆದರು. ಜಿಡ್ಡಿನ ಮೇಲೆ ಬೂದಿ ಚೆನ್ನಾಗಿ ಕಚ್ಚಿಕೊಂಡಿತು. ಇನ್ನು ಏನು ಬದಲಾದರೂ ಗೊತ್ತಾಗುತ್ತದೆ ಎಂದು ಸಮಾಧಾನದಿಂದ ಬಂದು ಜಗಲಿಯ ಮೇಲೆ ಕೂತರು.

ಬಿಸಿಲೇರುವ ಹೊತ್ತಿಗೆ ರಂಗಸ್ವಾಮಿ ಬಂದು, ಒಳಗೆ ಧೂಳು ಬರದಂತೆ ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟ. ಬಾನೆಟ್ ಎತ್ತಿದ ಸದ್ದು ಕೇಳಿಸಿತು. ಆಮೇಲೆ ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಏನು ಮಾಡ್ತಾವ್ನೆ ಇವನು ಎಂದು ನಂಜಪ್ಪನವರು ಕತ್ತು ಚಾಚುವಷ್ಟರಲ್ಲಿ ಅವನೇ ಹೊರಗೆ ಬಂದ. ಗೌಡರ ಮುಖವನ್ನು ಒಮ್ಮೆ ನೋಡಿದ. ಅಡುಗೆಮನೆಯ ಬಾಗಿಲಿಗೆ ಹೋಗಿ ಬಿಸಿನೀರು, ಅಂಟುವಾಳಕಾಯಿ ಕೇಳಿದ. ಜಿಡ್ಡು ತೊಳೆಯಲು ಸೀಮೆಎಣ್ಣೆ ಸಿಗದ ಕಾಲ ಅದು.

"ಅವನ ಮುಖ ನೋಡ್ದಾ? ಕಳ್ಳ ಸಿಕ್ಕಾಕ್ಕಂಡವ್ನೆ. ಬೂದಿ ಗೆರೆ ಎಳ್ದಿವ್ನಿ ಕಣೆ," ಎಂದು ನಂಜಪ್ಪನವರು ಹೆಂಡತಿಯ ಕಿವಿಯಲ್ಲಿ ಹೇಳಿದರು.

ಪುಟ್ಟತಾಯಮ್ಮ ಗಲ್ಲದ ಮೇಲೆ ಬೆರಳಿಟ್ಟುಕೊಂಡರು. "ತೊಳಿ ಅಂದೋರೂ ನೀವೇ, ಗೆರೆ ಎಳ್ದೋರೂ ನೀವೇ! ತೊಳುದ್ರೆ ಬೂದಿ ಉಳೀತದಾ? ಸಾಯ್ಲಿ, ರಾಶಿ ಮೇಲಿನ ಬೂದಿ ಯಾಕೆ ಅಂತ ಅವನಿಗೆ ತಿಳೀದಾ? ಅವನೂ ಒಕ್ಕಲು ಮಗ ಅಲ್ವಾ?"

ನಂಜಪ್ಪನವರು ತಲೆ ಕೆರೆದುಕೊಂಡರು. ಇಷ್ಟು ಸಣ್ಣ ವಿಷಯ ತಮ್ಮಂಥ ಬುದ್ಧಿವಂತರಿಗೆ ಹೊಳೆಯಲಿಲ್ಲವಲ್ಲ! ಮೊದಲು ನಾಚಿಕೆಯಾಯಿತು. ಆದರೆ ಗುಮಾನಿಗೆ ನಾಚಿಕೆ ಇಲ್ಲ. ಗೆರೆ ಅಳಿಸಿಹೋದ ಮೇಲೆ ಕದ್ದರೂ ಗೊತ್ತಾಗುವುದಿಲ್ಲವಲ್ಲ ಎಂದು ಅದು ಮತ್ತೆ ತಲೆಯೆತ್ತಿತು. ಗೋಣಿತಾಟಿನ ಹಿಂದೆ ಕೆರೆಯುವ, ಉಜ್ಜುವ ಸದ್ದು ಮಧ್ಯಾಹ್ನದವರೆಗೂ ನಡೆಯಿತು. ಊಟಕ್ಕೆ ಕರೆದರೆ ರಂಗಸ್ವಾಮಿ ಹಸಿವಿಲ್ಲ ಎಂದ. ಅವನು ಆ ಮನೆಯಲ್ಲಿ ಹಸಿವಿಲ್ಲ ಎಂದದ್ದು ಅದೇ ಮೊದಲು.

ಪಾಲಾಕ್ಷಯ್ಯ ಜಟಕಾದಲ್ಲಿ ಬಂದಿಳಿದ. ಹಣೆಯ ತುಂಬ ವಿಭೂತಿ, ಕಂಕುಳಲ್ಲಿ ಕೊಡೆ, ಕಣ್ಣು ಮಾತ್ರ ದನ ಕೊಳ್ಳುವವನ ಕಣ್ಣು. ರಂಗಸ್ವಾಮಿ ಗೋಣಿತಾಟು ಸರಿಸಿ ಬಾನೆಟ್ ಎತ್ತಿದ.

ಇಂಜಿನ್ನು ಬೆಳಗಿದ ಚೊಂಬಿನಂತೆ ಹೊಳೆಯುತ್ತಿತ್ತು. ಆ ಹೊಳಪಿನ ನಡುವೆ, ಅಲ್ಲೊಂದು ಇಲ್ಲೊಂದು, ಅಂಗೈ ಅಗಲದ ಕರೀ ಜಿಡ್ಡು. ಪ್ರತಿ ಜಿಡ್ಡಿನ ಮೇಲೂ ಮೂರು ಬೂದಿ ಗೆರೆ. ಒಂದೂ ಕದಡಿರಲಿಲ್ಲ. ಗೆರೆಯ ಅಂಚಿನವರೆಗೆ ಉಜ್ಜಿ, ಗೆರೆಯನ್ನು ಮುಟ್ಟದೆ ಬಿಟ್ಟಿದ್ದ.

"ಇದೇನ್ರೀ ಗೌಡ್ರೇ?" ಪಾಲಾಕ್ಷಯ್ಯನ ಹುಬ್ಬು ಮೇಲೆ ಹೋಯಿತು. "ಅಲ್ಲಲ್ಲಿ ಯಾಕೆ ಬಿಟ್ಟಿದೀರಿ? ಕೆಳಗೆ ಒಡಕು ಗಿಡಕು ಮುಚ್ಚಿದೀರೋ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಸ್ಥಿತಿ ನಂಜಪ್ಪನವರದು. ಏನು ಹೇಳುವುದು? ನನ್ನ ಡ್ರೈವರ್ ಕಳ್ಳನಿರಬಹುದು ಎಂದು ಗುರುತು ಹಾಕಿದ್ದೆ ಎನ್ನುವುದೆ? ರಂಗಸ್ವಾಮಿಯ ಕಡೆ ನೋಡಿದರು. ಅವನು ಈಗ ಒಂದು ಮಾತು ಆಡಿದರೆ ವ್ಯಾಪಾರವೂ ಇಲ್ಲ, ಮುಖವೂ ಇಲ್ಲ.

"ವಿಭೂತಿ ಸಾಮಿ," ಎಂದ ರಂಗಸ್ವಾಮಿ. "ಮಾರೋಕೆ ಮುಂಚೆ ಗೌಡ್ರು ಪೂಜೆ ಮಾಡುದ್ರು. ದೊಡ್ಡೋರು ಆಕಿದ್ದು, ನಾನ್ಯಾಕೆ ಅಳುಸ್ಲಿ ಅಂತ ಅಂಗೇ ಬುಟ್ಟೆ. ಬೇಕಾದ್ರೆ ಒರೆಸಿ ನೋಡ್ಕಳಿ."

ಪಾಲಾಕ್ಷಯ್ಯ ಒಂದನ್ನು ಒರೆಸಿ ನೋಡಿದ. ಕೆಳಗೆ ಕಬ್ಬಿಣ ಗಟ್ಟಿಯಾಗಿತ್ತು. ಉಳಿದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಬಚ್ಚಿಟ್ಟಿದ್ದ ಪೆಟ್ರೋಲು ಹಾಕಿ ಹ್ಯಾಂಡಲ್ ತಿರುಗಿಸಿದಾಗ ಇಂಜಿನ್ನು ಒಂದೇ ಸುತ್ತಿಗೆ ಹತ್ತಿಕೊಂಡಿತು. ವ್ಯಾಪಾರ ಕುದುರಿತು.

"ಡ್ರೈವರ್ರೂ ಜೊತೆಗೆ ಬತ್ತಾನೋ?" ಎಂದು ಪಾಲಾಕ್ಷಯ್ಯ ನಗುತ್ತ ಕೇಳಿದ.

ಇಲ್ಲ, ಅವನು ನಮ್ಮ ಗಿರಣಿಗೆ ಎನ್ನಲು ನಂಜಪ್ಪನವರು ಬಾಯಿ ತೆರೆದರು.

"ಬತ್ತೀನಿ ಸಾಮಿ," ಎಂದುಬಿಟ್ಟ ರಂಗಸ್ವಾಮಿ.

"ಲೇ ರಂಗ, ನಿಲ್ಲೋ. ಗಿರಣಿ ಆಕ್ತೀನಿ ಕಣ್ಲಾ. ಬೀಗದ ಕೈ ನಿನಗೇ ಅಂತ..."

"ಬೀಗದ ಕೈಗೂ ಬೂದಿ ಹಚ್ಚಬೇಕಾಯ್ತದೆ ಗೌಡ್ರೇ. ಯಾಕೆ ನಿಮಗೆ ತೊಂದ್ರೆ."

ಸೀಟಿನ ಕೆಳಗಿನಿಂದ ಗಂಟು ತಂದು ಅವರ ಕಾಲ ಬಳಿ ಬಿಚ್ಚಿದ. ಹಳೇ ಹತ್ತಿ ಚಿಂದಿ, ಒಂದು ತಂತಿ ಬ್ರಷ್ಷು, ಜಿಡ್ಡು ಕೆರೆಯುವ ಎರಡು ತಗಡಿನ ತುಂಡು. ಅಷ್ಟೇ. ಆಮೇಲೆ ಅವನು ಅಂಗಳದ ನಡುವೆ ಹೋಗಿ ನಿಂತ. ಹೆಗಲ ಮೇಲಿನ ವಸ್ತ್ರ ತೆಗೆದು, ಎರಡೂ ತುದಿ ಹಿಡಿದು ಗೌಡರ ಕಣ್ಣೆದುರಿಗೆ ಕೊಡವಿದ. ಪಂಚೆಯ ಮಡಿಲು ಬಿಚ್ಚಿ ಅದನ್ನೂ ಕೊಡವಿದ, ಸಂಜೆ ಕಣದಿಂದ ಮನೆಗೆ ಹೋಗುವ ಕೂಲಿಯ ಆಳಿನ ಹಾಗೆ.

ನಂಜಪ್ಪನವರಿಗೆ ಬ್ಯಾಡ ಕಣೋ, ನೀನು ಕೊಡವಬ್ಯಾಡ ಎಂದು ಕೂಗಬೇಕೆನಿಸಿತು. ಪುಟ್ಟತಾಯಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು.

ವಸ್ತ್ರದಿಂದ ಒಂದಿಷ್ಟು ಧೂಳು ಬಿತ್ತು. ರಂಗಸ್ವಾಮಿ ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿದ.